ಸೋರ್ಸ್ ಕೋಡಿಗೂ ಒಂದು ದಾಸ್ತಾನು ಪುಸ್ತಕ ಬೇಕು

ಕಾರ್ಖಾನೆಯ ಬಾಗಿಲಿಗೆ ಒಂದು ಲಾರಿ ಉಕ್ಕಿನ ಸರಳು ಬಂದರೆ ಉಗ್ರಾಣದವರು ಚಲನ್ ನೋಡುತ್ತಾರೆ, ತೂಕ ಹಾಕಿಸುತ್ತಾರೆ, ಗುಣಮಟ್ಟದ ಪ್ರಮಾಣಪತ್ರ ಕೇಳುತ್ತಾರೆ, ದಾಸ್ತಾನು ಪುಸ್ತಕದಲ್ಲಿ ನಮೂದಿಸಿದ ನಂತರವೇ ಮಾಲನ್ನು ಒಳಗೆ ಬಿಡುತ್ತಾರೆ. ಇದು ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ವ್ಯಾಪಾರದ ಮೊದಲ ಪಾಠ. ಆದರೆ ಅದೇ ಕಾರ್ಖಾನೆಯ ಕಚೇರಿಯಲ್ಲಿ ಲೆಕ್ಕಪತ್ರಗಳನ್ನು ಹೊತ್ತಿರುವ ಸರ್ವರಿನಲ್ಲಿ, ಕ್ಯಾಮೆರಾ ದೃಶ್ಯಗಳನ್ನು ದಾಖಲಿಸುವ ಪೆಟ್ಟಿಗೆಯಲ್ಲಿ, ಅಂತರಜಾಲದ ರೌಟರಿನಲ್ಲಿ, ಕೊನೆಗೆ ಗಿರಾಕಿಗೆ ಮಾರಲೆಂದು ತಯಾರಿಸಿದ ಯಂತ್ರದ ನಿಯಂತ್ರಕದಲ್ಲಿ ಯಾವ ಕಾರ್ಯಾಚರಣಾ ವ್ಯವಸ್ಥೆ ಇದೆ, ಅದು ಎಲ್ಲಿಂದ ಬಂತು, ಅದರ ಸೋರ್ಸ್ ಕೋಡ್ ಯಾರ ಬಳಿ ಇದೆ, ಕಡೆಯ ಬಾರಿ ಅದನ್ನು ಎಂದು ನವೀಕರಿಸಲಾಯಿತು ಎಂದು ಕೇಳಿದರೆ ಅನೇಕ ಸಂಸ್ಥೆಗಳಲ್ಲಿ ಉತ್ತರವಿರುವುದಿಲ್ಲ.

ಕಾರಣ ಸರಳವಾಗಿದೆ. ಅದಕ್ಕೆ ಬಿಲ್ಲು ಬಂದಿರುವುದಿಲ್ಲ. ಬಿಲ್ಲು ಬಾರದ ವಸ್ತು ಪುಸ್ತಕಕ್ಕೆ ಏರುವುದಿಲ್ಲ. ಪುಸ್ತಕಕ್ಕೆ ಏರದ ವಸ್ತುವಿನ ಬಗ್ಗೆ ವರ್ಷಾಂತ್ಯದಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಮುಕ್ತ ತಂತ್ರಾಂಶವು ಸಣ್ಣ ಉದ್ಯಮಕ್ಕೆ ದೊರೆತಿರುವ ಬಹು ದೊಡ್ಡ ಅನುಕೂಲ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಅನುಕೂಲದ ತಿರುಳು ಇರುವುದು ಬೆಲೆ ಇಲ್ಲ ಎಂಬುದರಲ್ಲಿ ಅಲ್ಲ, ಸೋರ್ಸ್ ಕೋಡಿನ ಮೇಲಿನ ಹಕ್ಕಿನಲ್ಲಿ. ಆ ಹಕ್ಕನ್ನು ಕೇಳಿ ಪಡೆದು, ಪರಿಶೀಲಿಸಿ, ಕಾಲಕಾಲಕ್ಕೆ ನವೀಕರಿಸಿ, ಲೆಕ್ಕವಿಟ್ಟರೆ ಮಾತ್ರ ಅದು ಆಸ್ತಿ. ಇಲ್ಲವಾದರೆ ಪುಸ್ತಕದಲ್ಲಿ ಕಾಣದ ಒಂದು ಹೊಣೆ.

ಹಕ್ಕು ಎಂದರೆ ಯಾವುದು?

ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇಂದು ಸರ್ವರುಗಳಿಂದ ಹಿಡಿದು ಅಂಗಡಿಯ ಆಂಡ್ರಾಯ್ಡ್ ಬಿಲ್ಲಿಂಗ್ ಯಂತ್ರದವರೆಗೆ ಹರಡಿದೆ. ಆಂಡ್ರಾಯ್ಡಿನ ಒಳಗಿನ ತಿರುಳು ಲಿನಕ್ಸೇ ಆಗಿರುವುದರಿಂದ, ತಮ್ಮಲ್ಲಿ ಲಿನಕ್ಸ್ ಇಲ್ಲ ಎಂದು ಭಾವಿಸಿರುವ ವರ್ತಕರೂ ಅದನ್ನು ದಿನವೂ ಬಳಸುತ್ತಿರುತ್ತಾರೆ. 1992ರಿಂದ ಅದು ಜಿಪಿಎಲ್ ಎಂಬ ಪರವಾನಗಿಯಡಿ ಲಭ್ಯವಿದೆ.

ತಂತ್ರಾಂಶಕ್ಕೆ ಎರಡು ರೂಪಗಳು. ಮನುಷ್ಯರು ಓದಿ ತಿದ್ದಬಹುದಾದ ರೂಪ ಸೋರ್ಸ್ ಕೋಡ್. ಅದನ್ನು ಸಂಕಲಿಸಿದಾಗ ದೊರೆಯುವ, ಯಂತ್ರ ಮಾತ್ರ ಓದಬಲ್ಲ ರೂಪ ಬೈನರಿ. ಗಿರಾಕಿಯ ಕೈಗೆ ಸಾಮಾನ್ಯವಾಗಿ ಬರುವುದು ಬೈನರಿ. ಆ ಬೈನರಿಯನ್ನು ಪಡೆದವರಿಗೆ ಅದರ ಸೋರ್ಸ್ ಕೋಡನ್ನೂ ಪಡೆಯುವ, ತಿದ್ದುವ, ಮರುವಿತರಿಸುವ ಹಕ್ಕನ್ನು ಜಿಪಿಎಲ್ ಕೊಡುತ್ತದೆ. ಫ್ರೀಬಿಎಸ್‌ಡಿಯಂತಹ ವ್ಯವಸ್ಥೆಗಳ ಪರವಾನಗಿಯಲ್ಲಿ ಸೋರ್ಸ್ ಕೋಡನ್ನು ಕೊಡಲೇಬೇಕೆಂಬ ಕರಾರು ಇಲ್ಲ. ಆದ್ದರಿಂದ ಪೆಟ್ಟಿಗೆಯಲ್ಲಿರುವುದು ಯಾವ ಪರವಾನಗಿಯ ತಂತ್ರಾಂಶ ಎಂದು ತಿಳಿದುಕೊಳ್ಳುವುದೇ ಮೊದಲ ಕೆಲಸ.

ಅಕ್ಕಿ ಮಂಡಿಯ ಮಾಲೀಕರಿಗೆ ಸೋರ್ಸ್ ಕೋಡ್ ಏಕೆ ಎಂಬ ಪ್ರಶ್ನೆ ಸಹಜ. ಅವರು ಅದನ್ನು ಓದಬೇಕಾಗಿಲ್ಲ, ಸಂಕಲಿಸಬೇಕಾಗಿಯೂ ಇಲ್ಲ. ಆದರೆ ಅದು ಲಭ್ಯವಿದ್ದರೆ ಇಂದಿನ ಸೇವಾದಾರ ನಾಳೆ ಅಂಗಡಿ ಮುಚ್ಚಿದರೂ ಮತ್ತೊಬ್ಬ ತಂತ್ರಜ್ಞನು ಕೆಲಸ ಮುಂದುವರಿಸಬಲ್ಲ. ಬೆಲೆ ಚೌಕಾಸಿಗೆ ಅವಕಾಶ ಉಳಿಯುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಾಗ ಅದರ ಬಳಕೆದಾರರಿಗೆ ಉಳಿದ ದಾರಿಗಳನ್ನು ನಿರ್ಧರಿಸಿದ್ದು ಅದನ್ನು ತಯಾರಿಸಿದ ಕಂಪನಿಯೇ. ಮುಕ್ತ ತಂತ್ರಾಂಶದಲ್ಲಿ ಬಳಕೆದಾರರಿಗೆ ಬೇರೆಯವರ ಬಳಿ ಹೋಗುವ ಸ್ವಾತಂತ್ರ್ಯವಿದೆ.

ಪಡೆಯುವ ಮಾರ್ಗ

ಲಿನಕ್ಸ್ ತಿರುಳಿನ ಸೋರ್ಸ್ ಕೋಡ್ ಕರ್ನೆಲ್ ಡಾಟ್ ಆರ್ಗ್ ತಾಣದಲ್ಲಿ ಎಲ್ಲರಿಗೂ ದೊರೆಯುತ್ತದೆ. ಪಡೆಯುವ ವಿಧಾನಗಳು ಎರಡು. ಒಂದು, ನಿರ್ದಿಷ್ಟ ಆವೃತ್ತಿಯ ಸಂಪೂರ್ಣ ಕಟ್ಟನ್ನು ಒಂದೇ ಕಡತವಾಗಿ ಇಳಿಸಿಕೊಳ್ಳುವುದು. ಇನ್ನೊಂದು, ಗಿಟ್ ಎಂಬ ಸಾಧನದ ಮೂಲಕ ಇಡೀ ಭಂಡಾರವನ್ನು ಅದರ ಇತಿಹಾಸದೊಡನೆ ನಕಲು ಮಾಡಿಕೊಳ್ಳುವುದು. ಎರಡನೆಯ ವಿಧಾನದಲ್ಲಿ ಮೊದಲ ಬಾರಿ ಹೆಚ್ಚು ಸಮಯ ತಗಲುತ್ತದೆ. ನಂತರದ ನವೀಕರಣಗಳಲ್ಲಿ ಬದಲಾದ ಭಾಗಗಳು ಮಾತ್ರ ಬರುತ್ತವೆ. ಆರಂಭಿಕ ಶಿಲ್ಕನ್ನು ಒಮ್ಮೆ ಬರೆದುಕೊಂಡು ಅನಂತರ ದಿನದ ನಮೂದುಗಳನ್ನಷ್ಟೇ ಸೇರಿಸುತ್ತ ಹೋದಂತೆ.

ಗಿಟ್ ಹುಟ್ಟಿದ್ದೂ ಒಂದು ವ್ಯಾಪಾರಿ ಪಾಠದಿಂದ. 2005ರವರೆಗೆ ಲಿನಕ್ಸಿನ ಅಭಿವೃದ್ಧಿಕಾರರು ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ಉಚಿತ ಪರವಾನಗಿಯಲ್ಲಿ ಬಳಸುತ್ತಿದ್ದರು. ಆ ವರ್ಷ ಉಚಿತ ಸೌಲಭ್ಯ ನಿಂತುಹೋಯಿತು. ಟೊರ್ವಾಲ್ಡ್ಸ್ ಏಪ್ರಿಲ್ ತಿಂಗಳಿನಲ್ಲಿ ಗಿಟ್ ರಚನೆಗೆ ಕೈಹಾಕಬೇಕಾಯಿತು. ಮತ್ತೊಬ್ಬರ ಔದಾರ್ಯದ ಮೇಲೆ ನಿಂತ ಸೌಕರ್ಯ ಎಷ್ಟು ದಿನ ಉಳಿದೀತು ಎಂಬ ಪ್ರಶ್ನೆ ಲಿನಕ್ಸ್ ಕಟ್ಟಿದವರನ್ನೂ ಬಿಡಲಿಲ್ಲ.

ಗಿಟ್‌ನ ಲೆಕ್ಕವಿಡುವ ಕ್ರಮವನ್ನು ವರ್ತಕರು ಸುಲಭವಾಗಿ ಅರ್ಥಮಾಡಿಕೊಳ್ಳಬಹುದು. 2023ರ ಏಪ್ರಿಲ್ 1ರಿಂದ ಆರಂಭವಾಗುವ ಹಣಕಾಸು ವರ್ಷಗಳಿಗೆ, ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು, ಅಂದರೆ ಆಡಿಟ್ ಟ್ರೇಲ್, ಉಳಿಯಬೇಕು ಎಂಬ ನಿಯಮ ಜಾರಿಯಲ್ಲಿದೆ. ಗಿಟ್‌ನಲ್ಲಿ ಇದೇ ತತ್ತ್ವ ಇನ್ನಷ್ಟು ಬಿಗಿಯಾಗಿದೆ. ಪ್ರತಿ ಬದಲಾವಣೆಗೂ ಮಾಡಿದವರ ಹೆಸರು, ದಿನಾಂಕ ಹಾಗೂ ಒಂದು ಉದ್ದವಾದ ಗುರುತು ಸಂಖ್ಯೆ ಇರುತ್ತದೆ. ಆ ಸಂಖ್ಯೆಯು ಹಿಂದಿನ ನಮೂದಿನ ಸಂಖ್ಯೆಯನ್ನು ಒಳಗೊಂಡು ಲೆಕ್ಕ ಹಾಕಿದ್ದಾದ್ದರಿಂದ, ಹಳೆಯ ಪುಟದಲ್ಲಿ ಒಂದಕ್ಷರ ತಿದ್ದಿದರೂ ಮುಂದಿನ ಎಲ್ಲ ಸಂಖ್ಯೆಗಳೂ ಬದಲಾಗುತ್ತವೆ. 2011ರ ಆಗಸ್ಟ್ ತಿಂಗಳಿನಲ್ಲಿ ಕರ್ನೆಲ್ ಡಾಟ್ ಆರ್ಗ್‌ನ ಸರ್ವರುಗಳಿಗೆ ಅಕ್ರಮ ಪ್ರವೇಶ ನಡೆದುದು ಪತ್ತೆಯಾದಾಗ ಲಿನಕ್ಸಿನ ಸೋರ್ಸ್ ಕೋಡಿನ ಮೇಲಿನ ನಂಬಿಕೆ ಕುಸಿಯದಿರಲು ಈ ಕ್ರಮವೇ ಆಧಾರವಾಯಿತು. ಅದೇ ಸಂಖ್ಯೆಗಳುಳ್ಳ ಪ್ರತಿಗಳು ಜಗತ್ತಿನ ಸಾವಿರಾರು ಗಣಕಗಳಲ್ಲಿ ಇದ್ದವು. ಮುಖ್ಯ ಪುಸ್ತಕವನ್ನು ಗುಟ್ಟಾಗಿ ತಿದ್ದಿದ್ದರೆ ಅವು ಹೊಂದಿಕೆಯಾಗುತ್ತಿರಲಿಲ್ಲ.

ಆದರೂ ವ್ಯಾಪಾರ ಸಂಸ್ಥೆಗಳು ಸಾಮಾನ್ಯವಾಗಿ ಸೋರ್ಸ್ ಕೋಡನ್ನು ನೇರವಾಗಿ ಅಲ್ಲಿಂದ ತರುವುದಿಲ್ಲ. ಡೆಬಿಯನ್, ಉಬುಂಟು, ರೆಡ್ ಹ್ಯಾಟ್ ಮೊದಲಾದ ವಿತರಣೆಗಳು ತಿರುಳಿನೊಡನೆ ನೂರಾರು ತಂತ್ರಾಂಶಗಳನ್ನು ಜೋಡಿಸಿ, ಪರೀಕ್ಷಿಸಿ ಕೊಡುತ್ತವೆ. ಇವು ಸಗಟು ವ್ಯಾಪಾರಿಗಳಿದ್ದಂತೆ. ಸಾಮಾನ್ಯ ವರ್ತಕರಿಗೆ ಇದೇ ಸರಿಯಾದ ಮಾರ್ಗ. ಡೆಬಿಯನ್‌ನಲ್ಲಿ ಒಂದು ಆದೇಶದಿಂದ ಯಾವುದೇ ತಂತ್ರಾಂಶದ ಸೋರ್ಸ್ ಕೋಡನ್ನು ತರಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಆದರೆ ಸಗಟು ವ್ಯಾಪಾರಿಯ ನೀತಿ ಬದಲಾಗಬಹುದು ಎಂಬುದನ್ನು ಮರೆಯಬಾರದು.

ಸೆಂಟ್ ಓಎಸ್ ಕಲಿಸಿದ ಪಾಠ

ರೆಡ್ ಹ್ಯಾಟ್ ಕಂಪನಿಯ ಹಣ ತೆತ್ತು ಪಡೆಯುವ ವ್ಯವಸ್ಥೆಯ ಸೋರ್ಸ್ ಕೋಡನ್ನೇ ಮತ್ತೆ ಸಂಕಲಿಸಿ ಉಚಿತವಾಗಿ ನೀಡುತ್ತಿದ್ದ ಸೆಂಟ್ ಓಎಸ್ ಅನೇಕ ವರ್ಷಗಳ ಕಾಲ ವ್ಯಾಪಾರ ಸಂಸ್ಥೆಗಳ ನೆಚ್ಚಿನ ಆಯ್ಕೆಯಾಗಿತ್ತು. 2019ರಲ್ಲಿ ಬಿಡುಗಡೆಯಾದ ಅದರ 8ನೇ ಆವೃತ್ತಿಗೆ 2029ರವರೆಗೆ ನವೀಕರಣ ದೊರೆಯುವುದೆಂದು ಬಳಕೆದಾರರು ನಂಬಿದ್ದರು. 2020ರ ಡಿಸೆಂಬರ್‌ನಲ್ಲಿ ಹೊರಬಿದ್ದ ಪ್ರಕಟಣೆಯು ಆ ಅವಧಿಯನ್ನು 2021ರ ಡಿಸೆಂಬರ್ 31ಕ್ಕೆ ಇಳಿಸಿತು. ಹಳೆಯ 7ನೇ ಆವೃತ್ತಿಯ ಕಾಲವೂ 2024ರ ಜೂನ್ 30ರಂದು ಮುಗಿಯಿತು. ಇದರ ನಡುವೆ 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ತನ್ನ ಮುಖ್ಯ ವ್ಯವಸ್ಥೆಯ ಸೋರ್ಸ್ ಕೋಡನ್ನು ಸಾರ್ವಜನಿಕರಿಗೆ ತೆರೆದಿಡುವುದನ್ನು ನಿಲ್ಲಿಸಿ, ಅದನ್ನು ತನ್ನ ಗ್ರಾಹಕರಿಗೆ ಸೀಮಿತಗೊಳಿಸಿತು. ಸಾರ್ವಜನಿಕರಿಗೆ ಉಳಿದದ್ದು ಸೆಂಟ್ ಓಎಸ್ ಸ್ಟ್ರೀಮ್ ಎಂಬ ಮುಂದಿನ ಆವೃತ್ತಿಗಳ ಪೂರ್ವರೂಪ.

ಇದು ಪರವಾನಗಿಯ ಆಶಯಕ್ಕೆ ಒಪ್ಪುವುದೇ ಎಂಬ ಬಗ್ಗೆ ಬಹಳ ಚರ್ಚೆ ನಡೆಯಿತು. ಆದರೆ ವರ್ತಕರು ಗಮನಿಸಬೇಕಾದ ಅಂಶ ಬೇರೆ. ಜಿಪಿಎಲ್ ಸೋರ್ಸ್ ಕೋಡ್ ಕೊಡಬೇಕೆಂದು ಹೇಳುವುದು ಮುಖ್ಯವಾಗಿ ತಂತ್ರಾಂಶ ಪಡೆದವರ ಹಿತಕ್ಕಾಗಿ; ಎಲ್ಲರಿಗೂ, ಎಂದೆಂದಿಗೂ, ಕುಳಿತಲ್ಲಿಗೇ ತಂದುಕೊಡಬೇಕೆಂದು ಅದು ಹೇಳುವುದಿಲ್ಲ. ಇಂದು ತೆರೆದಿರುವ ಬಾಗಿಲು ನಾಳೆ ಅರ್ಧ ಮುಚ್ಚಬಹುದು. ಅದೇ ವೇಳೆ, ಸೋರ್ಸ್ ಕೋಡ್ ಮುಕ್ತವಾಗಿದ್ದ ಕಾರಣಕ್ಕೇ ಆಲ್ಮಾಲಿನಕ್ಸ್ ಮತ್ತು ರಾಕಿ ಲಿನಕ್ಸ್ ಎಂಬ ಎರಡು ಹೊಸ ವಿತರಣೆಗಳು 2021ರಲ್ಲೇ ತಲೆಯೆತ್ತಿ, ಬಳಕೆದಾರರಿಗೆ ಆಸರೆಯಾದವು. ತಮ್ಮಲ್ಲಿ ಯಾವ ಆವೃತ್ತಿ ಇದೆ, ಅದರ ಅವಧಿ ಎಂದು ಮುಗಿಯುತ್ತದೆ ಎಂದು ಬರೆದಿಟ್ಟವರು ಸಮಯವಿರುವಾಗಲೇ ಅತ್ತ ಸರಿದರು. ಬರೆದಿಡದವರ ಯಂತ್ರ ಅವಧಿ ಮುಗಿದ ಮರುದಿನವೂ ಎಂದಿನಂತೆ ನಡೆಯುತ್ತಿರುತ್ತದೆ; ಅದರ ರಂಧ್ರಗಳನ್ನು ಮುಚ್ಚುವವರು ಇಲ್ಲವೆಂಬುದು ಕಳ್ಳ ಒಳಹೊಕ್ಕ ಮೇಲೆಯೇ ತಿಳಿಯುತ್ತದೆ.

ಮುದ್ರೆ ಇದ್ದರೂ ಸಾಲದು

ಪರಿಶೀಲನೆಯ ಮಹತ್ವವನ್ನು 2024ರ ಮಾರ್ಚ್ 29ರಂದು ಬಯಲಾದ ಪ್ರಕರಣವೊಂದು ಮನದಟ್ಟು ಮಾಡಿತು. ಲಿನಕ್ಸ್ ವಿತರಣೆಗಳಲ್ಲಿ ಕಡತಗಳನ್ನು ಕುಗ್ಗಿಸಲು ಬಳಸುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲನ್ನು ಕೊರೆದಿಟ್ಟಿದ್ದರು. ದೂರದಿಂದ ಸರ್ವರಿಗೆ ಪ್ರವೇಶಿಸಲು ತಗಲುವ ಸಮಯ ಸುಮಾರು ಅರ್ಧ ಸೆಕೆಂಡಿನಷ್ಟು ಹೆಚ್ಚಿದ್ದನ್ನು ಗಮನಿಸಿ, ಕಾರಣ ಹುಡುಕುತ್ತ ಹೋದ ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರಿಂದ ಇದು ಪತ್ತೆಯಾಯಿತು. ಒಂದು ರೂಪಾಯಿಯ ವ್ಯತ್ಯಾಸದ ಬೆನ್ನು ಹತ್ತಿದ ಲೆಕ್ಕಿಗರು ದೊಡ್ಡ ವಂಚನೆಯನ್ನು ಹಿಡಿದಂತೆ ಆಯಿತು.

ಈ ಪ್ರಕರಣದ ಒಂದು ವಿವರ ವಿಶೇಷವಾಗಿ ಗಮನಾರ್ಹ. ಹಿಂಬಾಗಿಲನ್ನು ಜಾಗೃತಗೊಳಿಸುವ ತುಣುಕು ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ ಇರಲಿಲ್ಲ. ಬಿಡುಗಡೆಗೆಂದು ಸಿದ್ಧಪಡಿಸಿದ ಕಟ್ಟಿನಲ್ಲಿ ಮಾತ್ರ ಇತ್ತು. ಪುಸ್ತಕದಲ್ಲಿ ಒಂದು, ಚಲನ್‌ನಲ್ಲಿ ಇನ್ನೊಂದು. ಕೃತ್ಯ ಎಸಗಿದ ವ್ಯಕ್ತಿ ಎರಡು ವರ್ಷಕ್ಕೂ ಹೆಚ್ಚು ಕಾಲ ನಿಷ್ಠೆಯಿಂದ ದುಡಿದು, ಏಕಾಂಗಿಯಾಗಿ ಆ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರ ವಿಶ್ವಾಸ ಗಳಿಸಿದ್ದನು; ಆದ್ದರಿಂದ ಕಟ್ಟಿನ ಮೇಲಿನ ಮುದ್ರೆಯೂ ಅಧಿಕೃತವೇ ಆಗಿತ್ತು. ಅದೃಷ್ಟವಶಾತ್ ಆ ಆವೃತ್ತಿಗಳು ಕೆಲವು ವಿತರಣೆಗಳ ಪರೀಕ್ಷಾರ್ಥ ಶಾಖೆಗಳನ್ನು ತಲುಪಿದ್ದವೇ ಹೊರತು ಡೆಬಿಯನ್‌ನ ಸ್ಥಿರ ಬಿಡುಗಡೆಯನ್ನು ಪ್ರವೇಶಿಸಿರಲಿಲ್ಲ. ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ಹೊಸದು ಬಂದಿತೆಂದು ಆ ದಿನವೇ ಎಲ್ಲವನ್ನೂ ಬದಲಿಸುವುದು ವ್ಯಾಪಾರಸ್ಥರ ಕೆಲಸವಲ್ಲ. ಸ್ಥಿರ ಶಾಖೆಯಲ್ಲಿದ್ದು, ಅದರ ಸುರಕ್ಷಾ ತಿದ್ದುಪಡಿಗಳನ್ನು ತಪ್ಪದೆ ಪಡೆಯುವುದು ಕ್ಷೇಮ. ಎರಡನೆಯದಾಗಿ, ಮಾಲು ಬಂದ ಮೂಲ, ಆವೃತ್ತಿ ಮತ್ತು ಗುರುತು ಸಂಖ್ಯೆ ಬರೆದಿಟ್ಟಿದ್ದರೆ ಇಂತಹ ಸುದ್ದಿ ಬಂದ ದಿನ ತಮಗೆ ಬಾಧೆ ಇದೆಯೇ ಎಂಬುದನ್ನು ಕೆಲವೇ ನಿಮಿಷಗಳಲ್ಲಿ ತಿಳಿಯಬಹುದು.

ತಯಾರಕರ ಹೊಣೆ ಇನ್ನೂ ಹೆಚ್ಚು

ಲಿನಕ್ಸನ್ನು ಕಚೇರಿಯಲ್ಲಿ ಬಳಸುವವರಿಗೂ, ತಾವು ಮಾರುವ ಯಂತ್ರದಲ್ಲಿ ಅಳವಡಿಸುವವರಿಗೂ ವ್ಯತ್ಯಾಸವಿದೆ. ಮಾರಿದ ಕ್ಷಣದಿಂದ ತಯಾರಕರು ಪರವಾನಗಿಯ ದೃಷ್ಟಿಯಲ್ಲಿ ವಿತರಕರಾಗುತ್ತಾರೆ. ಜಿಪಿಎಲ್ ಎರಡನೆಯ ಆವೃತ್ತಿಯ ಪ್ರಕಾರ ಅವರು ಯಂತ್ರದೊಡನೆ ಸಂಪೂರ್ಣ ಸೋರ್ಸ್ ಕೋಡ್ ಕೊಡಬೇಕು, ಇಲ್ಲವೇ ಕೇಳಿದವರಿಗೆ ಪ್ರತಿ ಮಾಡುವ ವೆಚ್ಚಕ್ಕೆ ಮೀರದಂತೆ ಕೊಡುವುದಾಗಿ ಕನಿಷ್ಠ 3 ವರ್ಷ ಊರ್ಜಿತವಿರುವ ಲಿಖಿತ ಭರವಸೆ ನೀಡಬೇಕು. ಸಂಪೂರ್ಣ ಎಂದರೆ ಸಂಕಲಿಸಿ ಅಳವಡಿಸಲು ಬಳಸುವ ಲಿಪಿಗಳೂ ಸೇರಿದಂತೆ. ಕರಾರು ಮುರಿದರೆ ವಿತರಿಸುವ ಹಕ್ಕೇ ರದ್ದಾಗುತ್ತದೆ. ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲ. 2004ರಲ್ಲೇ ಜರ್ಮನಿಯ ಮ್ಯೂನಿಕ್ ನ್ಯಾಯಾಲಯವು ಈ ಕರಾರು ಪಾಲಿಸದ ಜಾಲ ಸಾಧನಗಳ ಮಾರಾಟಗಾರರೊಬ್ಬರ ವಿರುದ್ಧ ತಡೆಯಾಜ್ಞೆಯನ್ನು ಎತ್ತಿಹಿಡಿದಿತ್ತು.

ಲಿಂಕ್‌ಸಿಸ್ ಕಂಪನಿಯ ರೌಟರಿನ ಕಥೆ ಸಣ್ಣ ತಯಾರಕರಿಗೆ ಎಚ್ಚರಿಕೆಯ ಗಂಟೆ. 2003ರಲ್ಲಿ ಸಿಸ್ಕೋ ಕಂಪನಿ ಅದನ್ನು ಸುಮಾರು 50 ಕೋಟಿ ಡಾಲರ್ ಮೌಲ್ಯಕ್ಕೆ ಖರೀದಿಸಿತು. ಅದೇ ವರ್ಷ ಆ ರೌಟರಿನೊಳಗೆ ಲಿನಕ್ಸ್ ಇದೆ, ಸೋರ್ಸ್ ಕೋಡ್ ಮಾತ್ರ ಕೊಟ್ಟಿಲ್ಲ ಎಂಬುದು ಹೊರಬಂತು. ಆ ತಂತ್ರಾಂಶ ಬಿಡಿಭಾಗಗಳ ಪೂರೈಕೆದಾರರ ಕಡೆಯಿಂದ ಸರಪಳಿಯಾಗಿ ಬಂದದ್ದು. ಉತ್ತರ ಕೊಡಬೇಕಾದವರು ಮಾತ್ರ ಪೆಟ್ಟಿಗೆಯ ಮೇಲೆ ಹೆಸರು ಹಾಕಿದವರು. ಒತ್ತಾಯದ ನಂತರ ಸೋರ್ಸ್ ಕೋಡ್ ಬಿಡುಗಡೆಯಾಯಿತು. ಅದರ ಆಧಾರದ ಮೇಲೆ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಯೋಜನೆ ಹುಟ್ಟಿ ಇಂದಿಗೂ ನಡೆಯುತ್ತಿದೆ. ಆದರೆ ದೂರುಗಳು ಮುಗಿಯಲಿಲ್ಲ. 2008ರ ಡಿಸೆಂಬರ್‌ನಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸಿಸ್ಕೋ ವಿರುದ್ಧ ದಾವೆ ಹೂಡಿತು. 2009ರ ಮೇ ತಿಂಗಳಲ್ಲಿ ರಾಜಿಯಾಯಿತು. ಪರವಾನಗಿ ಪಾಲನೆಯನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನು ನೇಮಿಸಲು ಮತ್ತು ಫೌಂಡೇಶನ್‌ಗೆ ಹಣ ನೀಡಲು ಕಂಪನಿ ಒಪ್ಪಿತು. ಸಿಸ್ಕೋ ಅಂತಹ ದೊಡ್ಡ ಸಂಸ್ಥೆ ಅದನ್ನು ತಡೆದುಕೊಂಡೀತು. ಪೀಣ್ಯದ ಒಂದು ಷೆಡ್ಡಿನಲ್ಲಿ ನಿಯಂತ್ರಕ ಪೆಟ್ಟಿಗೆಗಳನ್ನು ಜೋಡಿಸುವ ಘಟಕಕ್ಕೆ ಅದು ಸಾಧ್ಯವೇ?

ಹೊರದೇಶದಿಂದ ಬೋರ್ಡು ತರಿಸುವಾಗ ಅದರೊಡನೆ ಬರುವ ಲಿನಕ್ಸ್ ಸಾಮಾನ್ಯವಾಗಿ ಚಿಪ್ ತಯಾರಕರು ತಮಗೆ ಬೇಕಾದಂತೆ ತಿದ್ದಿದ ಹಳೆಯ ಆವೃತ್ತಿಯಾಗಿರುತ್ತದೆ. ಉದಾಹರಣೆಗೆ, 2018ರಲ್ಲಿ ಬಿಡುಗಡೆಯಾದ 4.19 ಆವೃತ್ತಿಗೆ ಕರ್ನೆಲ್ ಡಾಟ್ ಆರ್ಗ್‌ನ ಬೆಂಬಲ 2024ರ ಡಿಸೆಂಬರ್‌ನಲ್ಲಿ ನಿಂತಿತು. ಆ ಆವೃತ್ತಿಯ ಬೋರ್ಡನ್ನು ಅಗ್ಗವೆಂದು ಕೊಂಡು ಇಂದು ಯಂತ್ರ ಮಾರುವವರು ಅವಧಿ ಮೀರಿದ ಔಷಧವನ್ನು ಹೊಸ ಡಬ್ಬಿಯಲ್ಲಿ ಮಾರಿದಂತೆಯೇ ಸರಿ. ಸಂಪೂರ್ಣ ಸೋರ್ಸ್ ಕೋಡ್ ಕೈಯಲ್ಲಿದ್ದರೆ ಹೊಸ ಆವೃತ್ತಿಗೆ ತರಲು ತಂತ್ರಜ್ಞರನ್ನು ಹುಡುಕಬಹುದು. ಇಲ್ಲದಿದ್ದರೆ ಆ ದಾರಿಯೂ ಬಂದ್.

ಯುರೋಪಿಗೆ ರಫ್ತು ಮಾಡುವವರಿಗೆ ಇದು ಇನ್ನು ಕಾನೂನಿನ ಪ್ರಶ್ನೆಯೂ ಹೌದು. 2024ರ ಡಿಸೆಂಬರ್ 10ರಂದು ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಸೈಬರ್ ರೆಸಿಲಿಯೆನ್ಸ್ ಕಾಯ್ದೆಯು, ದುರ್ಬಳಕೆಯಾಗುತ್ತಿರುವ ಸುರಕ್ಷಾ ದೋಷಗಳನ್ನು ವರದಿ ಮಾಡುವ ಹೊಣೆಗೆ 2026ರ ಸೆಪ್ಟೆಂಬರ್ 11ನ್ನೂ, ಉಳಿದ ಮುಖ್ಯ ಹೊಣೆಗಳಿಗೆ 2027ರ ಡಿಸೆಂಬರ್ 11ನ್ನೂ ನಿಗದಿಪಡಿಸಿದೆ. ಡಿಜಿಟಲ್ ಅಂಶವಿರುವ ಉತ್ಪನ್ನಗಳ ತಯಾರಕರು ತಂತ್ರಾಂಶ ಘಟಕಗಳ ಪಟ್ಟಿಯನ್ನು ಇಡಬೇಕು, ಸಾಮಾನ್ಯವಾಗಿ ಕನಿಷ್ಠ 5 ವರ್ಷ ಸುರಕ್ಷಾ ನವೀಕರಣ ಒದಗಿಸಬೇಕು. ಉತ್ಪನ್ನ ಎಲ್ಲಿ ತಯಾರಾಯಿತೆಂಬುದು ಮುಖ್ಯವಲ್ಲ. ಅಲ್ಲಿನ ಮಾರುಕಟ್ಟೆಗೆ ಬಂದರೆ ಸಾಕು. ಅಲ್ಲಿನ ಆಮದುದಾರ ಈ ಪಟ್ಟಿಯನ್ನು ಕೇಳಿದಾಗ ಬೆಂಗಳೂರಿನ ಪೂರೈಕೆದಾರ ತನ್ನ ಬೋರ್ಡು ಮಾರಿದವನ ದೂರವಾಣಿಗೆ ಕರೆ ಮಾಡುತ್ತ ಕುಳಿತರೆ ಆರ್ಡರು ಬೇರೆಯವರ ಪಾಲಾಗುತ್ತದೆ.

ಆಗಬೇಕಾದ ಕೆಲಸಗಳು

ಮೊದಲನೆಯದಾಗಿ, ಪ್ರತಿ ಸಂಸ್ಥೆಯೂ ಐದು ಅಂಕಣಗಳ ಒಂದು ಪುಸ್ತಕ ತೆರೆಯಬೇಕು: ಯಂತ್ರ ಯಾವುದು, ಅದರಲ್ಲಿರುವ ಕಾರ್ಯಾಚರಣಾ ವ್ಯವಸ್ಥೆ ಮತ್ತು ಆವೃತ್ತಿ ಯಾವುದು, ಸೋರ್ಸ್ ಕೋಡ್ ದೊರೆಯುವ ಸ್ಥಳ ಹಾಗೂ ಅದರ ಗುರುತು ಸಂಖ್ಯೆ, ಬೆಂಬಲ ಮುಗಿಯುವ ದಿನಾಂಕ, ಕಡೆಯ ಬಾರಿ ನವೀಕರಿಸಿದ ದಿನ ಮತ್ತು ನವೀಕರಿಸಿದವರ ಸಹಿ. ಇದಕ್ಕೆ ತಂತ್ರಜ್ಞಾನ ಬೇಕಾಗಿಲ್ಲ, ಶಿಸ್ತು ಬೇಕು.

ಎರಡನೆಯದಾಗಿ, ನವೀಕರಣಕ್ಕೆ ಒಂದು ವೇಳಾಪಟ್ಟಿ ಇರಬೇಕು. ಮೊದಲು ದತ್ತಾಂಶದ ಪ್ರತಿ ತೆಗೆದು, ಬೇರೊಂದು ಯಂತ್ರದಲ್ಲಿ ಪರೀಕ್ಷಿಸಿ, ಅನಂತರ ಮುಖ್ಯ ಸರ್ವರನ್ನು ಮುಟ್ಟಬೇಕು. ಜಿಎಸ್‌ಟಿ ಮಾಸಿಕ ವಿವರಪಟ್ಟಿ ಸಲ್ಲಿಸುವವರು 11 ಮತ್ತು 20ನೇ ತಾರೀಖಿನ ಹಿಂದುಮುಂದಿನ ದಿನಗಳನ್ನು ಬಿಟ್ಟು ಈ ಕೆಲಸ ಇಟ್ಟುಕೊಳ್ಳುವುದು ವಿವೇಕ.

ಮೂರನೆಯದಾಗಿ, ಬೋರ್ಡು ಅಥವಾ ಲಿನಕ್ಸ್ ಅಳವಡಿಸಿದ ಸಾಧನ ಕೊಳ್ಳುವಾಗ ಖರೀದಿ ಆದೇಶದಲ್ಲೇ ಒಂದು ಷರತ್ತು ಸೇರಿಸಬೇಕು. ಸಂಪೂರ್ಣ ಸೋರ್ಸ್ ಕೋಡ್, ಸಂಕಲಿಸುವ ಲಿಪಿಗಳು ಮತ್ತು ಘಟಕಗಳ ಪಟ್ಟಿಯನ್ನು ಮಾಲಿನೊಡನೆ ಕೊಡತಕ್ಕದ್ದು; ಆ ಸೋರ್ಸ್ ಕೋಡನ್ನು ಸಂಕಲಿಸಿ ಬೋರ್ಡಿನ ಮೇಲೆ ನಡೆಸಿ ತೋರಿಸುವವರೆಗೆ ಬಿಲ್ಲಿನ ಒಂದು ಭಾಗವನ್ನು ತಡೆಹಿಡಿಯಲಾಗುವುದು. ಒಮ್ಮೆಯೂ ಸಂಕಲಿಸಿ ನೋಡದ ಸೋರ್ಸ್ ಕೋಡ್, ಎಣಿಸದೆ ಬರೆದುಕೊಂಡ ದಾಸ್ತಾನಿದ್ದಂತೆ. ಹಣ ಪಾವತಿಯಾದ ಮೇಲೆ ಕೇಳಿದರೆ ಉತ್ತರ ಬರುವುದು ಅಪರೂಪ.

ನಾಲ್ಕನೆಯದಾಗಿ, ಪರವಾನಗಿ ಶುಲ್ಕದಲ್ಲಿ ಉಳಿತಾಯವಾದ ಹಣದ ಒಂದು ಪಾಲನ್ನು ನಿರ್ವಹಣೆಗೆಂದು ವರ್ಷದ ಮುಂಗಡಪತ್ರದಲ್ಲಿ ತೆಗೆದಿಡಬೇಕು. ಇಡೀ ಹಣವನ್ನು ಲಾಭವೆಂದು ತಿಳಿಯುವುದು, ಸವಕಳಿ ಕಳೆಯದೆ ಯಂತ್ರದ ಲಾಭ ಲೆಕ್ಕ ಹಾಕಿದಷ್ಟೇ ತಪ್ಪು.

ಒಂದೊಂದು ಸಣ್ಣ ಘಟಕವೂ ಲಿನಕ್ಸ್ ಬಲ್ಲ ತಂತ್ರಜ್ಞರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲಾರದು ಎಂಬ ಆಕ್ಷೇಪ ನ್ಯಾಯವಾದದ್ದೇ. ಇಲ್ಲಿ ವಾಣಿಜ್ಯ ಸಂಸ್ಥೆಗಳಿಗೆ ಕೆಲಸವಿದೆ. ಹತ್ತಾರು ಸದಸ್ಯರು ಸೇರಿ ಒಬ್ಬ ತಂತ್ರಜ್ಞರ ಸೇವೆಯನ್ನು ಹಂಚಿಕೊಳ್ಳಬಹುದು. ಖರೀದಿ ಆದೇಶದ ಷರತ್ತಿನ ಮಾದರಿಯನ್ನು ಸಂಸ್ಥೆಯೇ ಸಿದ್ಧಪಡಿಸಿ ಹಂಚಬಹುದು. ಬೆಂಬಲ ಮುಗಿಯಲಿರುವ ಆವೃತ್ತಿಗಳ ಪಟ್ಟಿಯನ್ನು, ತೆರಿಗೆಯ ಕೊನೆಯ ದಿನಾಂಕಗಳನ್ನು ಪ್ರಕಟಿಸುವಂತೆಯೇ, ತಿಂಗಳು ತಿಂಗಳು ಪ್ರಕಟಿಸಬಹುದು. ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಅನುದಾನಕ್ಕಾಗಿ ಕಾಯಬೇಕಾಗಿಲ್ಲ.

ಜಗತ್ತಿನ ಸಾವಿರಾರು ಜನರ ದುಡಿಮೆಯ ಫಲ ಸಣ್ಣ ವರ್ತಕರ ಮನೆಬಾಗಿಲಿಗೆ ಬೆಲೆಯಿಲ್ಲದೆ ಬಂದಿದೆ. ಅದನ್ನು ಸ್ವೀಕರಿಸುವ ಮುನ್ನ ಚಲನ್ ನೋಡಿ, ಎಣಿಸಿ, ಪುಸ್ತಕಕ್ಕೆ ಏರಿಸುವುದು ಕಷ್ಟದ ಕೆಲಸವೇನಲ್ಲ. ಈ ಹಣಕಾಸು ವರ್ಷದ ದಾಸ್ತಾನು ಪರಿಶೀಲನೆಯ ದಿನ ಉಗ್ರಾಣದ ಸರಳುಗಳನ್ನು ಎಣಿಸಿ ಮುಗಿದ ಮೇಲೆ, ಮೂಲೆಯಲ್ಲಿ ಮಿಣುಕುತ್ತಿರುವ ಸರ್ವರಿನ ಆವೃತ್ತಿ ಸಂಖ್ಯೆಯನ್ನೂ ಒಂದು ಸಾಲಿನಲ್ಲಿ ಬರೆದುಕೊಳ್ಳಲಿ. ಉಳಿದ ಅಂಕಣಗಳು ಆ ಸಾಲಿನಿಂದಲೇ ತುಂಬತೊಡಗುತ್ತವೆ.